ದೋಣಿಯ ತಳದ ನೀರು

ಮತ್ತೆ ನೀರು! ಬಿರುಕಿಗೆಲ್ಲ ಟಾರು ತುಂಬಿ, ನೀಲಿ ಬಣ್ಣ ಬಳಿದು, ಒಣಗಿಸಿ, ನಿನ್ನೆ ಸಂಜೆಯಷ್ಟೇ ಕೆರೆಗಿಳಿಸಿದ್ದ ದೋಣಿಯ ತಳದಲ್ಲಿ ಒಂದು ಲೋಟದಷ್ಟು ನೀರು ನಿಂತಿತ್ತು. ಇವತ್ತು ಗೊಟ್ಟಿಗೆರೆಯ ಗಣೇಶ ವಿಸರ್ಜನೆಗೆಂದು ನಡುಕೆರೆಗೆ ಹೋಗಬೇಕಾದದ್ದು ಇದರಲ್ಲೇ.

"ಇದರ ಮನೆ ಹಾಳಾಗ!" ಬೈರಣ್ಣ ದೋಣಿಯನ್ನು ದಡಕ್ಕೆಳೆದು, ಒಳಗೆ ಕೂತು ಬಣ್ಣ ಹೆರೆಯತೊಡಗಿದ. ಅರ್ಧ ತಳ ಬೋಳಾದರೂ ತೂತು ಸಿಗಲಿಲ್ಲ. ಸಿಕ್ಕಿದ್ದು ಇರುವೆ ಸಾಲು. ಅದು ನೆಟ್ಟಗೆ ಆ ನೀರಿನ ಕಡೆಗೇ ಹೊರಟಿತ್ತು. ಅನುಮಾನ ಬಂದು ಬೆರಳದ್ದಿ ನಾಲಗೆಗಿಟ್ಟ. ಸಿಹಿ.

ಅಷ್ಟರಲ್ಲಿ ಹೆಂಡತಿ ಅಕ್ಕಯಮ್ಮ ತಿಂಡಿ ತಂದಳು. "ಬೆಳಿಗ್ಗೇನೇ ಬಂದು ದೋಣಿಯೊಳ್ಗೇ ಕಾಯಿ ಒಡ್ದು ಪೂಜೆ ಮಾಡಿದ್ದೀನಿ. ಇನ್ನ ಒಂದು ತೊಟ್ಟೂ ಸೋರಲ್ಲ, ಬಿಡಿ," ಎಂದು ತಟ್ಟೆ ಮುಂದಿಟ್ಟಳು.

ರೊಟ್ಟಿಯ ಪಕ್ಕದಲ್ಲಿ ಕಾಯಿಚಟ್ನಿ ಇತ್ತು.