ಮೆಕ್ಯಾನಿಕ್ಕನ ಮುತುವರ್ಜಿ

ಇದನ್ನು ಹೇಳಲು ನಾನು ಯಾರು ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗ್ಯಾರೇಜಿನ ಎದುರಿನ ಟೈರ್ ಅಂಗಡಿಯಲ್ಲಿ ಕೂತು ಕಂಡದ್ದು ಅರ್ಧ, ಮೆಕ್ಯಾನಿಕ್ಕನ ಬಾಯಿಂದ ಕೇಳಿದ್ದು ಅರ್ಧ. ಹೆಚ್ಚುಕಡಿಮೆ ಇದ್ದರೆ ಓದುವವರು ಕ್ಷಮಿಸಬೇಕು.

"ಆ ಪೈಪ್ ಮುಟ್ಬೇಡಿ ಅಣ್ಣ," ಎಂದಳು ಸೊಸೆ.

ಮೆಕ್ಯಾನಿಕ್ ಪಿಕಪ್ಪಿನ ಅಡಿಯಿಂದ ತಲೆ ಹೊರಗೆ ಹಾಕಿದ. "ಬೆರಳು ತೂರೋ ಅಷ್ಟು ತೂತಿದೆಯಮ್ಮ. ಹೊಗೆ ಹಿಂದಕ್ಕೆ ಹೋಗೋ ಬದಲು ನೇರ ಡ್ರೈವರ್ ಮೂಗಿಗೇ ಬರುತ್ತೆ."

"ಬರ್ಲಿ ಬಿಡಿ."

"ಆಂ? ಏನಂತೆ?" ಎಂದಳು ಪಕ್ಕದಲ್ಲಿದ್ದ ಅತ್ತೆ. ಸೊಸೆ ಅವಳ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದಳು. ಮುದುಕಿ ನಕ್ಕಳು. "ಅವನಿಗೆ ಹೊಗೆ ಹೊಸದೇನಪ್ಪಾ? ದಿನಕ್ಕೆ ಎರಡು ಪ್ಯಾಕ್ ಸುಡ್ತಾನೆ."

ಅವನು ಎಂದರೆ ಅವಳ ಒಬ್ಬನೇ ಮಗ, ಸೊಸೆಯ ಗಂಡ. ಅವನೇ ಆ ಪಿಕಪ್ಪಿನ ಡ್ರೈವರ್. ಮೆಕ್ಯಾನಿಕ್ಕನಿಗೆ ಮೊದಲ ಸಲ ಹೆದರಿಕೆಯಾದದ್ದು ಆಗ.

ಮೊದಲಿನಿಂದಲೂ ಏನೋ ಸರಿ ಇರಲಿಲ್ಲ. ಪಿಕಪ್ಪಿನ ಪೆಟ್ರೋಲ್ ಎಂಜಿನ್ ಕೆಟ್ಟು ಕೂತಿತ್ತು. ಬೇರೆಯವರ ಲಾರಿ ಓಡಿಸಲು ಎರಡು ವಾರಕ್ಕೆ ಪರವೂರಿಗೆ ಹೋಗಿದ್ದ ಮಗ, ಬರುವಷ್ಟರಲ್ಲಿ ಇನ್ನೊಂದು ಪೆಟ್ರೋಲ್ ಎಂಜಿನ್ ಕೂರಿಸಿರಬೇಕು ಎಂದು ಹೇಳಿಹೋಗಿದ್ದ. ಹೆಂಗಸರಿಬ್ಬರೂ ಬಂದು ಡೀಸೆಲ್ ಎಂಜಿನ್ ಬೇಕೆಂದರು.

"ಪೆಟ್ರೋಲಿನದು ಎಲ್ಲೂ ಸಿಗ್ಲಿಲ್ಲ ಅಂತ ನೀವೇ ಅವರಿಗೆ ಹೇಳ್ಬೇಕು," ಎಂದಳು ಸೊಸೆ. "ನಾವು ಕೇಳಿದ್ದು ಅಂತ ಮಾತ್ರ ಬಾಯಿ ಬಿಡ್ಬೇಡಿ."

ಮೆಕ್ಯಾನಿಕ್ ಗುಜರಿಯಿಂದ ಎರಡು ಡೀಸೆಲ್ ಎಂಜಿನ್ ತರಿಸಿದ. ಒಂದು ಕಾರಿನದು, ಲಕ್ಷಣವಾಗಿತ್ತು. ಇನ್ನೊಂದು ಆ ಸೊಸೆಯ ಮದುವೆಗಿಂತ ಹಳೆಯದು. ನೆಲದ ಮೇಲೆ ಸ್ಟ್ಯಾಂಡಿಗೆ ಬಿಗಿದು ಒಂದೊಂದಾಗಿ ಚಾಲೂ ಮಾಡಿ ತೋರಿಸುವಾಗ ಅತ್ತೆ ಅಲ್ಲಿ ನಿಲ್ಲಲಿಲ್ಲ. ಬೀದಿಯ ಕೊನೆಯ ತಿರುವಿಗೆ ಹೋಗಿ ಆ ಕಡೆ ಮುಖ ಮಾಡಿ ನಿಂತಳು. ಎರಡನೆಯದು ಚಾಲೂ ಆದ ಮೇಲೆ ಅಲ್ಲಿಂದಲೇ ಕೈ ಎತ್ತಿದಳು. ಸೊಸೆ ತಲೆಯಾಡಿಸಿದಳು.

"ಹಳೇದೇ ಇರ್ಲಿ."

ಯಾರಾದರೂ ಬರುತ್ತಾರೋ ಎಂದು ಕಾವಲು ನಿಂತದ್ದೇ? ಯಾಕೆ? ಮೆಕ್ಯಾನಿಕ್ ಕೇಳಲಿಲ್ಲ. ಪೈಪಿನ ತೂತಿನ ಮಾತು ಬಂದ ಮೇಲೆ ಕೇಳುವ ಅಗತ್ಯವೂ ಕಾಣಲಿಲ್ಲ. ಕಿಟಕಿ ಮುಚ್ಚಿದ ಕ್ಯಾಬಿನ್, ಒಳಗೆ ಸೋರುವ ಹೊಗೆ, ದೂರದ ಬಾಡಿಗೆ. ಡ್ರೈವರ್ ತೂಕಡಿಸುತ್ತಾನೆ, ಗಾಡಿ ಹಳ್ಳಕ್ಕೆ ಬೀಳುತ್ತದೆ. ಎಂಜಿನ್ ಕೂರಿಸಿದವನು ಯಾರು ಎಂದು ಆಮೇಲೆ ಹುಡುಕಿಕೊಂಡು ಬರುತ್ತಾರೆ.

ಹೆಂಡತಿ ಬೇಡವೆನ್ನಬಹುದು. ಹೆತ್ತ ತಾಯಿಯೂ?

ಪೊಲೀಸರಿಗೆ ಹೇಳಿದರೆ ನಗುತ್ತಾರೆ, ಹೇಳದಿದ್ದರೆ ಹೆಣ ಬೀಳುತ್ತದೆ. ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೂತ. "ಒಬ್ಬ ಮನುಷ್ಯನ ಜೀವ ನನ್ನ ಸ್ಪ್ಯಾನರ್ ತುದೀಲಿದೆ ಕಣಯ್ಯಾ," ಎಂದ. ಎಲ್ಲ ಕೇಳಿ ನಾನೂ ಹೆದರಿದೆ. ನಿನಗೆ ಸರಿ ಕಂಡದ್ದು ಮಾಡು ಎಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಶುಕ್ರವಾರ ಬನ್ನಿ ಎಂದು ಹೆಂಗಸರನ್ನು ಸಾಗಹಾಕಿ ಅವನು ಕೆಲಸಕ್ಕೆ ಇಳಿದ. ಅಂಥ ಕೆಲಸ ನಾನು ನೋಡಿರಲಿಲ್ಲ. ತೂತಿನ ಪೈಪ್ ಕಿತ್ತೆಸೆದು ಹೊಸದು ಹಾಕಿದ. ದೊಡ್ಡ ಗಾಡಿಯ ಸೈಲೆನ್ಸರ್ ಕತ್ತರಿಸಿ ಬೆಸೆದ. ಎಂಜಿನ್ ಕೂರುವ ನಾಲ್ಕೂ ಕಡೆ ದಪ್ಪ ರಬ್ಬರ್ ಕೊಟ್ಟ. ಕ್ಯಾಬಿನ್ನಿನ ಒಂದೊಂದು ಸಂದಿಗೂ ಉಣ್ಣೆಯ ಹಾಸು ಒತ್ತಿದ. ಭಾರ ಹೆಚ್ಚಾಯಿತೆಂದು ಮುಂದಿನ ಸ್ಪ್ರಿಂಗ್ ಬದಲಿಸಿದ, ಬ್ರೇಕನ್ನು ಮೂರು ಸಲ ಪರೀಕ್ಷಿಸಿದ. ಎಲ್ಲ ತನ್ನ ಕೈಯಿಂದಲೇ.

ಮಗ ಒಂದು ದಿನ ಮೊದಲೇ ಬಂದ. ಗುರುವಾರ ಸಂಜೆ. ಕೆಂಪು ಕಣ್ಣು, ತುಂಬು ನಗು. ಡೀಸೆಲ್ ಎಂದು ಕೇಳಿ ಮುಖ ಗಂಟಿಕ್ಕಿದ. ಕೀ ತಿರುಗಿಸಿದ, ಸ್ವಲ್ಪ ಹೊತ್ತು ಕಿವಿಗೊಟ್ಟ, ಆಮೇಲೆ ಸ್ಟೇರಿಂಗ್ ತಟ್ಟಿ ಗಹಗಹಿಸಿದ.

"ಏನ್ ಗುರುವೇ ಇದು! ಬೆಕ್ಕು ನಡೆದ ಹಾಗಿದೆ."

"ನಿಮ್ಮ ಕ್ಷೇಮಕ್ಕೆ ಅಂತ ಮಾಡಿದ್ದು ಸಾರ್," ಎಂದ ಮೆಕ್ಯಾನಿಕ್. "ಮನೇಲಿ... ಸ್ವಲ್ಪ ಹುಷಾರಾಗಿರಿ."

"ಮನೆಯವರಿಗೆ ಫೋನ್ ಗೀನ್ ಮಾಡ್ಬೇಡ ಮತ್ತೆ. ಹಾಗೇ ಹೋಗಿ ಬಾಗಿಲಲ್ಲಿ ನಿಲ್ತೀನಿ."

ಪಿಕಪ್ ತಿರುವು ದಾಟಿತು. ಮೆಕ್ಯಾನಿಕ್ ಎರಡು ವಾರದಲ್ಲಿ ಮೊದಲ ಸಲ ಉಸಿರು ಬಿಟ್ಟ. ನನಗೂ ಒಂದು ಟೀ ಹೇಳಿದ.

ಟೀ ಬರುವ ಮೊದಲೇ ಸೊಸೆ ಬಂದಳು. ನಾಳೆಗೆ ಗಾಡಿ ಸಿದ್ಧವಾಗುತ್ತದೋ ಎಂದು ವಿಚಾರಿಸಲು ಹೊಲಿಗೆ ಫ್ಯಾಕ್ಟರಿಯಿಂದ ನೇರ ಬಂದಿದ್ದಳು, ಕುತ್ತಿಗೆಯಲ್ಲಿ ಇನ್ನೂ ಅಳತೆಯ ಟೇಪ್ ಇತ್ತು. ಖಾಲಿ ಜಾಗ ನೋಡಿ ನಿಂತಳು.

"ಗಾಡಿ?"

"ನಿಮ್ಮನೆಯವರು ಬಂದು ತಗೊಂಡ್ಹೋದ್ರು. ನೀವು ಬಂದ ದಾರೀಲೇ ಹೋಗಿದ್ದು, ಎದುರು ಸಿಕ್ಕಿರಬೇಕಲ್ಲ?"

"ಇಲ್ಲ... ನನಗೇನೂ ಕೇಳಿಸ್ಲಿಲ್ಲ."

ಈಗ ಮೆಕ್ಯಾನಿಕ್ಕನಿಗೆ ಧೈರ್ಯ ಬಂದಿತ್ತು. "ಹೇಗೆ ಕೇಳಿಸುತ್ತೆ? ಪೈಪ್ ಬದಲಾಯಿಸ್ದೆ. ಸಂದಿ ಎಲ್ಲ ಮುಚ್ಚಿದೆ. ನಿಮ್ಮಿಬ್ಬರ ಲೆಕ್ಕಾಚಾರ ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ರಾ? ಅವರ ಕೂದಲೂ ಕೊಂಕಲ್ಲ ಇನ್ನು."

ಅವಳು ಜಗಳಕ್ಕೆ ಬರಲಿಲ್ಲ, ಅಳಲೂ ಇಲ್ಲ. ಟೇಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು.

"ಅತ್ತೆ ಒಬ್ಬರೇ ಇದಾರೆ ಅಣ್ಣ. ತಿರುವಿನಲ್ಲಿ ಗಾಡಿ ಸದ್ದು ಅವರ ಕಿವಿಗೆ ಬಿದ್ರೆ ಸಾಕಿತ್ತು. ಅವನು ಒಳಗೆ ಬರೋಷ್ಟರಲ್ಲಿ ಹಿಂದಿನ ಬಾಗಿಲಿಂದ ಪಕ್ಕದ ಮನೆ ಸೇರ್ಕೋಬಹುದಿತ್ತು. ಕಳೆದ ಸಲ ಕೇಳಿಸಿರ್ಲಿಲ್ಲ. ಅವರ ಎರಡು ಪಕ್ಕೆಲುಬು ಮುರಿದ."

ಮೆಕ್ಯಾನಿಕ್ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದದ್ದನ್ನು ನಾನು ಕಂಡೆ. ಆ ಮನೆಯಲ್ಲಿ ಏನು ನೋಡಿದ ಎಂದು ಅವನು ಹೇಳಿಲ್ಲ, ಕೇಳುವ ಧೈರ್ಯ ನನಗೂ ಬಂದಿಲ್ಲ.