ಇಂತಿ, ಹಿತೈಷಿ

ಪತ್ರವನ್ನು ಅವಳು ಎಡಗೈಯಲ್ಲಿ ಬರೆದಳು.

ಬಲಗೈ ಅಕ್ಷರ ಮುತ್ತು ಪೋಣಿಸಿದ ಹಾಗೆ. ಬೀದಿಯವರೆಲ್ಲ ಅವಳ ಹತ್ತಿರ ಅರ್ಜಿ ಬರೆಸಿಕೊಳ್ಳುತ್ತಿದ್ದರು, ಗುರುತು ಸಿಕ್ಕಿಬಿಡುತ್ತಿತ್ತು. ಎಡಗೈಯದು ಕೋಳಿ ಕೆದಕಿದಂತೆ ಬಂತು. ಒಳ್ಳೆಯದೇ ಆಯಿತು. 'ಮೂರನೇ ಮೇಜಿನಲ್ಲಿ ಚೀಟಿ ಅಂಟಿಸುವ ಹುಡುಗಿ ಬರೀ ಹತ್ತನೇ ತರಗತಿಯವಳಲ್ಲ. ಎಂ.ಎ. ಪಾಸಾಗಿದ್ದಾಳೆ. ವಿಚಾರಿಸಿ ನೋಡಿ. ಇಂತಿ, ಹಿತೈಷಿ.' ಲಕೋಟೆಯ ಅಂಚನ್ನು ನಾಲಿಗೆಯಿಂದ ಸವರಿದಳು. ಅಂಟು ಕಹಿಯಾಗಿತ್ತು. ಉಗುಳಲಿಲ್ಲ.

ಮೂರನೇ ಮೇಜಿನ ಹುಡುಗಿ ಎಂದರೆ ಗುಬ್ಬಿ. ಮಹಡಿ ಮೇಲಿನ ಮನೆಯವಳು. ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ಉಂಡು ಬೆಳೆದ ಗೆಳತಿ.

ತಿಂಗಳ ಹಿಂದಿನವರೆಗೆ ಇಬ್ಬರದೂ ಒಂದೇ ಪಾಡು. ಪತ್ರ ಬರೆದವಳಿಗೆ ರಸಾಯನಶಾಸ್ತ್ರದಲ್ಲಿ ಚಿನ್ನದ ಪದಕ ಬಂದು ಮೂರು ವರ್ಷವಾಗಿತ್ತು, ಕೆಲಸ ಬಂದಿರಲಿಲ್ಲ. ಕಾಲೇಜುಗಳು ಅನುಭವ ಎಲ್ಲಿ ಎಂದವು. ಅಂಗಡಿಗಳು, ಇಷ್ಟು ಓದಿದವರು ಇಲ್ಲಿ ನಿಲ್ಲುವುದಿಲ್ಲ ಎಂದವು. ಅತ್ತ ದರಿ, ಇತ್ತ ಪುಲಿ. ಗುಬ್ಬಿಯದು ಇನ್ನೂ ಕಷ್ಟ. ಅಣ್ಣನ ಮನೆಯ ಊಟ, ಅತ್ತಿಗೆಯ ಸೌಟು. ಒಂದು ಕೆಲಸ ಸಿಕ್ಕರೆ ಒಂದು ಕೋಣೆ ಹಿಡಿಯುತ್ತೇನೆ, ಉಪ್ಪು ಗಂಜಿಯಾದರೂ ನನ್ನ ಸೌಟಿನಲ್ಲೇ ಬಡಿಸಿಕೊಳ್ಳುತ್ತೇನೆ ಎನ್ನುತ್ತಿದ್ದಳು.

ಔಷಧಿ ಗೋದಾಮಿಗೆ ಬಾಟಲಿಗಳ ಮೇಲೆ ಚೀಟಿ ಅಂಟಿಸುವವರು ಬೇಕಾಗಿದ್ದಾರೆ, ಹತ್ತನೇ ತರಗತಿ ಸಾಕು ಎಂಬ ಜಾಹೀರಾತನ್ನು ತಂದವಳೂ ಗುಬ್ಬಿಯೇ. ನಡುಮನೆಯ ಮೇಜಿಗೆ ಕೂತು ಇಬ್ಬರೂ ಅರ್ಜಿ ತುಂಬಿದರು. ಓದಿದ್ದನ್ನೆಲ್ಲ ನುಂಗಿ, ಹತ್ತನೇ ತರಗತಿ ಎಂದಷ್ಟೇ ಬರೆದರು. ಅಪ್ಪ ಆರಾಮ ಕುರ್ಚಿಯಲ್ಲಿ ಮುಖಕ್ಕೆ ಪತ್ರಿಕೆ ಹೊದ್ದು ಮಲಗಿದ್ದರು. ಮಗಳು ಚೀಟಿ ಅಂಟಿಸುತ್ತಾಳೆಂದು ತಿಳಿದರೆ ಅವರ ಎದೆ ಒಡೆಯುತ್ತದೆ ಎಂದು ಇಬ್ಬರೂ ಪಿಸುಮಾತಿನಲ್ಲೇ ಹೇಳಿಕೊಂಡು ನಕ್ಕರು.

ಸಂದರ್ಶನದ ಹಿಂದಿನ ದಿನ ಅಪ್ಪ ಬೂಟಿಗೆ ಪಾಲಿಷ್ ಹಾಕಿಕೊಂಡು ಪಿಂಚಣಿ ಕಚೇರಿಗೆ ಹೋದರು. ಮನೆ ಖಾಲಿ ಸಿಕ್ಕಿದ್ದೇ ತಡ, ಗೆಳತಿಯರು ಕನ್ನಡಿಯ ಮುಂದೆ ನಿಂತು ಸುಳ್ಳನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದರು. ಎರಡನೇ ಸಲಕ್ಕೆ ಪಾಸಾದೆ ಅಂತ ಹೇಳು, ಆಗ ನಂಬ್ತಾರೆ ಎಂದು ಗುಬ್ಬಿ ಕಲಿಸಿಕೊಟ್ಟಳು.

ಗೋದಾಮಿನಲ್ಲಿ ಗುಬ್ಬಿಯನ್ನು ಮೊದಲು ಒಳಗೆ ಕರೆದರು. ಹತ್ತು ನಿಮಿಷವಾಯಿತು. ಆಮೇಲೆ ಇವಳ ಸರದಿ. ಮ್ಯಾನೇಜರ್ ಅರ್ಜಿಯನ್ನು ಬೋರಲು ಹಾಕಿಟ್ಟಿದ್ದ. ಎರಡನೇ ಸಲದ ಸುಳ್ಳು ಹೇಳಲು ಅವಳಿಗೆ ಅವಕಾಶವೇ ಸಿಗಲಿಲ್ಲ.

"ಅಷ್ಟು ತೂಕದ ಪದಕ ಮನೇಲಿಟ್ಕೊಂಡು ಇಲ್ಲಿ ಚೀಟಿ ಅಂಟಿಸ್ತೀರಾ ಮೇಡಂ? ಎರಡು ತಿಂಗಳಿಗೆ ಬಿಟ್ಟು ಹೋಗ್ತೀರಿ. ನಮಗೆ ಬೇಕಾಗಿರೋದು ಕೈ, ತಲೆ ಅಲ್ಲ."

ಅವಳು ಕೇಳಿದಳು, "ಯಾರು ಹೇಳಿದ್ರು ಸರ್?"

"ಯಾರೋ. ನಿಮ್ಮ ಹಿತೈಷಿಗಳೇ," ಎಂದು ನಕ್ಕು ಅವನು ಗಂಟೆ ಒತ್ತಿದ.

ಆ ಮಾತು ಮುಳ್ಳಾಗಿ ಕೂತಿತು. ಅರ್ಜಿಯ ವಿಷಯ ಗೊತ್ತಿದ್ದದ್ದು ಇಡೀ ಲೋಕದಲ್ಲಿ ಒಬ್ಬಳಿಗೆ. ಆ ಒಬ್ಬಳಿಗೇ ಕೆಲಸ ಸಿಕ್ಕಿತು. ಅಂದಿನಿಂದ ಗುಬ್ಬಿ ಮೆಟ್ಟಿಲಿಳಿಯುವಾಗ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ದಿನಚರಿಯಲ್ಲಿ ಅಂದು ಒಂದೇ ಸಾಲು ಬರೆದಳು: ಆಮ್ಲವನ್ನು ಒಮ್ಮೆಗೇ ಸುರಿಯಬಾರದು, ಹನಿ ಹನಿಯಾಗಿ ಬಿಡಬೇಕು. ಮೂರು ವಾರ ಕಾದಳು. ಗುಬ್ಬಿ ಕೋಣೆ ನೋಡಿ ಬಂದಳು ಎಂದು ತಿಳಿದ ದಿನ ಎಡಗೈಗೆ ಪೆನ್ನು ತೆಗೆದುಕೊಂಡಳು.

ಅಂಚೆಗೆ ಹಾಕಿ ನಾಲ್ಕನೆಯ ದಿನ, ಮಟಮಟ ಮಧ್ಯಾಹ್ನ, ಗೋದಾಮಿನಲ್ಲಿರಬೇಕಾದ ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. ಬೆರಳ ತುದಿಯಲ್ಲಿ ಒಣಗಿದ ಅಂಟು ಇನ್ನೂ ಇತ್ತು.

ಯಾರೋ ಮೂಗರ್ಜಿ ಹಾಕಿದ್ದಾರಂತೆ. ಮ್ಯಾನೇಜರ್ ಎಲ್ಲರ ಎದುರಿಗೆ ಎಬ್ಬಿಸಿ ಕಳಿಸಿದನಂತೆ. ಕೋಣೆಯ ಮಾತು ಮುರಿದುಬಿತ್ತು. ಅತ್ತಿಗೆ ಆಗಲೇ ಪೆಟ್ಟಿಗೆ ಕಟ್ಟಿಟ್ಟಿದ್ದಾಳೆ, ನಾಡಿದ್ದು ದೂರದ ದೊಡ್ಡಮ್ಮನ ಮನೆಗೆ, ಹಾಸಿಗೆ ಹಿಡಿದ ದೊಡ್ಡಪ್ಪನ ಚಾಕರಿಗೆ. ಇಷ್ಟನ್ನು ಗುಬ್ಬಿ ಬಿಕ್ಕುತ್ತ ಹೇಳಿದಳು. ಆಮೇಲೆ ಮೂಗು ಒರೆಸಿಕೊಂಡು, "ನಿನ್ನ ಬೇಡ ಅಂದಾಗ್ಲೇ ನಾನೂ ಬಿಡ್ಬೇಕಿತ್ತು ಕಣೆ. ನಿನ್ನ ಮುಖ ನೋಡೋಕೇ ನಾಚಿಕೆ ಆಗ್ತಿತ್ತು," ಎಂದಳು.

ಅವಳಿಗೆ ಅದು ತಪ್ಪೊಪ್ಪಿಗೆಯ ಹಾಗೆಯೇ ಕೇಳಿಸಿತು. ಒಂದು ಲೋಟ ನೀರು ಕೊಟ್ಟಳು. "ಬಿಡೆ, ಹೋಗ್ಲಿ. ಮಾಡಿದವರು ಉಣ್ತಾರೆ," ಎಂದಳು. ಗುಬ್ಬಿ ಅದನ್ನು ಸಮಾಧಾನವೆಂದೇ ತಿಳಿದು, ಅವಳ ಭುಜಕ್ಕೆ ಒರಗಿ, ಇನ್ನೊಂದಿಷ್ಟು ಅತ್ತು ಮೆಟ್ಟಿಲು ಹತ್ತಿದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳಿಗೆ ಚೆನ್ನಾಗಿ ಹಸಿವಾಯಿತು. ತಟ್ಟೆ ತರಲು ಎದ್ದಳು.

ಜಗಲಿಯಲ್ಲಿ ಅಪ್ಪ ಬೂಟಿಗೆ ಪಾಲಿಷ್ ಹಾಕುತ್ತಿದ್ದರು. ಮತ್ತೆ ಪಿಂಚಣಿ ಕಚೇರಿಗಾ ಎಂದು ಕೇಳಿದಳು.

"ಇಲ್ಲ ಪುಟ್ಟಿ, ಆ ಔಷಧಿ ಗೋದಾಮಿಗೆ. ಗುಬ್ಬಿ ಅಳ್ತಿದ್ದದ್ದು ಕೇಳಿಸ್ತು, ಒಂದು ಮಾತು ಹೇಳಿ ಬರ್ತೀನಿ." ಅವರು ತಲೆ ಎತ್ತದೆ, ಬೂಟಿನ ಮೂತಿಗೆ ಇನ್ನೊಮ್ಮೆ ಬ್ರಷ್ ಎಳೆದರು. "ನಿನ್ನ ಸಲುವಾಗಿ ಹೋದಾಗ ಪದಕ ಇತ್ತು, ಮ್ಯಾನೇಜರ್ ಕೈಗೇ ಕೊಟ್ಟು ತೋರಿಸ್ದೆ. ಪಾಪ, ಈ ಹುಡುಗಿಗೆ ಅಂತ ಏನು ತೋರಿಸ್ಲಿ?"