ಕೊನೆಯ ಡಿಸ್ಕ್

ತೆರೆಯ ಮೇಲಿನ ನರಿ ಸೇತುವೆಗೆ ಇನ್ನೂ ಕಾಲಿಟ್ಟಿರಲಿಲ್ಲ, ತಮ್ಮ ಆಗಲೇ ಮುಖವನ್ನು ಗೋಡೆಯತ್ತ ತಿರುಗಿಸಿಬಿಟ್ಟ. ಮರುಕ್ಷಣ ಸೇತುವೆ ಕುಸಿಯಿತು. ಅಕ್ಕ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದಳು.

ಆ ಜಪಾನಿ ಅನಿಮೆ ಕಾರ್ಟೂನ್ ಸರಣಿಯನ್ನು ಕಂಪನಿ ಹೊರದೇಶದವರಿಗೆ ವರ್ಷಕ್ಕೊಂದು ಡಿಸ್ಕಿನಂತೆ, ಒಂದೊಂದರಲ್ಲಿ ನಾಲ್ಕೇ ಕಂತು ತುಂಬಿ ಮಾರುತ್ತಿತ್ತು. ಕೊನೆಯ ಡಿಸ್ಕಿಗಂತೂ ಐದು ವರ್ಷ ಸತಾಯಿಸಿತು. "ನೆಟ್ಟಲ್ಲಿ ಸಿಗೋ ಕದ್ದ ಪ್ರತಿ ನೋಡಿದ್ರೆ ನನ್ನಾಣೆ! ಕೊನೇದನ್ನ ಇಬ್ಬರೂ ಒಟ್ಟಿಗೇ ನೋಡೋಣ" ಎಂದು ಹತ್ತು ವರ್ಷದ ತಮ್ಮನಿಂದ ಮಾತು ತೆಗೆದುಕೊಂಡಿದ್ದವಳು ಅವಳೇ. ಈಗ ಅವನಿಗೆ ಮೀಸೆ ಚಿಗುರಿತ್ತು.

"ಯಾವಾಗ ನೋಡಿದ್ಯೋ?"

"ಆಗಲೇ ಅಕ್ಕಾ. ನೀನು ಮಾತು ತಗೊಂಡ ವಾರಾನೇ."

"ಮತ್ತೆ ಐದು ವರ್ಷದಿಂದ 'ಬಂತಾ, ಬಂತಾ' ಅಂತ ನನ್ನ ಪ್ರಾಣ ತಿಂತಿದ್ದೆ?"

"ಕೇಳದೇ ಇದ್ದಿದ್ರೆ ನಿನಗೆ ಗೊತ್ತಾಗಿಬಿಡ್ತಿತ್ತಲ್ಲ." ಅವನು ನಗಲು ನೋಡಿದ, ಆಗಲಿಲ್ಲ. "ನರಿ ಸತ್ತಿದ್ದು ನೋಡಿದ ದಿನ ತುಂಬಾ ಅತ್ತುಬಿಟ್ಟೆ ಅಕ್ಕಾ. ನಿನ್ನ ಹತ್ರ ಹೇಳೋ ಹಾಗೇ ಇರಲಿಲ್ಲ."

ಆ ವಾರವೆಲ್ಲ ಅವಳು ಪಕ್ಕದ ಕೋಣೆಯಲ್ಲೇ, ಬಾಗಿಲು ಹಾಕಿಕೊಂಡು, ಡಿಸ್ಕ್ ಯಾವಾಗ ಬರುತ್ತದೆಂದು ಕಂಪನಿಗೆ ದೂರಿನ ಪತ್ರ ಬರೆಯುತ್ತ ಕೂತಿದ್ದಳು.